ಮಗುವಿನ ಪ್ರಾರ್ಥನೆ, ಶಾಲೆಯ ಕೊಠಡಿ

ಸಯನ್, ಧಾರಾವಿ ಮೊದಲಾದ ಜನನಿಬಿಡ ಭಾಗಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಬಲ್ಲಂತೆ, ಮುಂಬಯಿ ಮಹಾನಗರಪಾಲಿಕೆಯ ಎಷ್ಟೋ ಶಾಲಾಕಟ್ಟಡಗಳಲ್ಲಿ ಹಲವು ಭಾಷೆಗಳು ಒಂದೇ ಸೂರಿನಡಿ ಬಾಳುತ್ತವೆ: ಒಂದು ಮಹಡಿಯಲ್ಲಿ ಮರಾಠಿ, ಮತ್ತೊಂದರಲ್ಲಿ ಉರ್ದು, ಅದರಾಚೆ ಕನ್ನಡ ಇಲ್ಲವೆ ತಮಿಳು. ಭಾಷೆಯ ವಿಷಯದಲ್ಲಿ ಇಷ್ಟು ಔದಾರ್ಯವನ್ನು ತೋರಬಲ್ಲ ಈ ವ್ಯವಸ್ಥೆಯು, ವಿದ್ಯಾರ್ಥಿಯೊಬ್ಬನು ಬಿಡುವಿನ ವೇಳೆಯಲ್ಲಿ ತನ್ನ ದೇವರನ್ನು ನೆನೆಯಲು ಒಂದಿಷ್ಟು ಸ್ಥಳವನ್ನು ಕೇಳಿದಾಗ ಕಂಗೆಡಬೇಕಾದ ಕಾರಣವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಆದರೂ ಶಾಲೆಗಳು ಕಂಗೆಟ್ಟದ್ದುಂಟು. 2022ರ ಜನವರಿಯಲ್ಲಿ ಕರ್ನಾಟಕದ ಕೋಲಾರ ಜಿಲ್ಲೆಯ ಮುಳಬಾಗಿಲಿನ ಸರಕಾರಿ ಕನ್ನಡ ಶಾಲೆಯೊಂದರ ತರಗತಿಯಲ್ಲಿ ಮಕ್ಕಳು ಶುಕ್ರವಾರದ ನಮಾಜು ಮಾಡಿದರೆಂದು ಗದ್ದಲವೆದ್ದು, ಮುಖ್ಯೋಪಾಧ್ಯಾಯಿನಿಯು ಅಮಾನತುಗೊಂಡರು. 2023ರ ಜೂನಿನಲ್ಲಿ ನಮ್ಮ ಮುಂಬಯಿಯ ಕಾಂದಿವಲಿಯ ಖಾಸಗಿ ಶಾಲೆಯೊಂದರಲ್ಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಆಜಾನ್ ಕೇಳಿಸಿದ್ದಕ್ಕಾಗಿ ಶಿಕ್ಷಕರೊಬ್ಬರಿಗೆ ಅದೇ ಗತಿಯೊದಗಿತು. ಮೊದಲನೆಯದು ಮಕ್ಕಳು ತಾವಾಗಿ ಸಲ್ಲಿಸಿದ ಪ್ರಾರ್ಥನೆ, ಎರಡನೆಯದು ಶಾಲೆಯೇ ಸಮಸ್ತರಿಗೂ ಕೇಳಿಸಿದ ಪ್ರಾರ್ಥನೆ. ಈ ತಾರತಮ್ಯವನ್ನು ವಿವೇಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಸಂವಿಧಾನದ 28ನೆಯ ಅನುಚ್ಛೇದವಾದರೋ ಈ ವಿವೇಚನೆಗೆ ದಾರಿಯನ್ನು ತೋರಿದೆ. ಸಂಪೂರ್ಣವಾಗಿ ಸರಕಾರದ ಹಣದಿಂದಲೇ ನಡೆಯುವ ಶಾಲೆ ಧರ್ಮಬೋಧೆ ಮಾಡಕೂಡದು. ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ, ಅಪ್ರಾಪ್ತವಯಸ್ಕರಾದರೆ ಪೋಷಕರ ಸಮ್ಮತಿಯಿಲ್ಲದೆ, ಪೂಜೆ ಪ್ರಾರ್ಥನೆಗಳಿಗೆ ನಿರ್ಬಂಧಿಸಕೂಡದು. ಪ್ರಾರ್ಥನೆಯ ವೇಳೆ ಕೈಮುಗಿಯಲೊಲ್ಲದ ನಾಸಿಕದ ಅಧ್ಯಾಪಕರೊಬ್ಬರ ಪಕ್ಷವನ್ನು ಮುಂಬಯಿ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿದದ್ದೂ ಈ ತತ್ತ್ವವನ್ನೇ ಅನುಸರಿಸಿ. ಇಲ್ಲಿ ನಿಷಿದ್ಧವಾದುದು ಬಲಾತ್ಕಾರ ಮತ್ತು ಬೋಧೆ. ಮಗುವಿನ ಸ್ವಂತ ಸ್ಮರಣೆಯಲ್ಲ.

ಆದ್ದರಿಂದ ಊಟದ ಬಿಡುವಿನಲ್ಲಿ ಬರಿದಾಗಿರುವ ಕೊಠಡಿಯನ್ನು, ಪೋಷಕರು ಬರೆದುಕೊಟ್ಟರೆ, ಯಾವ ಮತದ ಮಗುವಿಗಾದರೂ ತೆರೆಯಬಹುದು. ಅಧ್ಯಾಪಕರು ಮುಂದಾಳಾಗದೆ, ಧ್ವನಿವರ್ಧಕವಿಲ್ಲದೆ, ಪಾಠ ತಪ್ಪದೆ ಅದು ಸಾಗಬೇಕು. ಇಂದು ನಮಾಜಾದರೆ ನಾಳೆ ಭಜನೆಯೆಂದು ಆಕ್ಷೇಪಿಸುವವರಿಗೆ ನನ್ನ ಉತ್ತರವಿಷ್ಟೆ: ಭಜನೆಗೂ ಅದೇ ಕೊಠಡಿ, ಅದೇ ನಿಯಮ. ಅದಕ್ಕಿಂತ ಗುರುತರವಾದ ಆಕ್ಷೇಪವೊಂದುಂಟು. ಗೆಳೆಯರೆಲ್ಲ ಹೋಗುವಾಗ ಹೋಗಲೊಲ್ಲದ ಬಾಲಕನು ಸಂಕೋಚಕ್ಕೆ ಸಿಲುಕುವನು. ಅವನಿಗೆ ಆಟದಂಗಳವೂ ಗ್ರಂಥಾಲಯವೂ ಅದೇ ಹೊತ್ತಿನಲ್ಲಿ ತೆರೆದಿರತಕ್ಕದ್ದು, ಅವನು ಏಕೆ ಹೋಗಲಿಲ್ಲವೆಂದು ಯಾರೂ ಕೇಳತಕ್ಕದ್ದಲ್ಲ.

ಇವನ್ನೆಲ್ಲ ಶಾಲೆಯ ಬಾಗಿಲಲ್ಲಿ ಜನ ನೆರೆದು ಕೂಗುತ್ತಿರುವಾಗ ಮುಖ್ಯೋಪಾಧ್ಯಾಯಿನಿಯೊಬ್ಬಳೇ ನಿಂತು ನಿರ್ಣಯಿಸಬೇಕೆಂಬುದು ಅನ್ಯಾಯ. ಪಾಲಿಕೆಯ ಶಿಕ್ಷಣ ವಿಭಾಗವು, ಜೂನಿನಲ್ಲಿ ಶಾಲೆಗಳು ತೆರೆಯುವ ಮುನ್ನವೇ, ಈ ನಿಯಮಗಳನ್ನು ಸುತ್ತೋಲೆಯ ರೂಪದಲ್ಲಿ ಬರೆದು, ತನ್ನ ಶಾಲೆಗಳ ಎಲ್ಲ ಭಾಷೆಗಳಲ್ಲಿಯೂ ಪ್ರಕಟಿಸಲಿ.