ಚಿತ್ರದ ಭಾರ ಮತ್ತು ವ್ಯಾಪಾರದ ಹಿತ

ಇಂದಿನ ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ಪರಊರಿನ ಗ್ರಾಹಕನು ಸರಕಿಗಿಂತ ಮೊದಲು ನೋಡುವುದು ಜಾಲತಾಣದಲ್ಲಿರುವ ಅದರ ಚಿತ್ರವನ್ನು. ಪೀಣ್ಯ, ಕಾಮಾಕ್ಷಿಪಾಳ್ಯ, ಮಲ್ಲತ್ತಹಳ್ಳಿ ಪರಿಸರದ ಸಣ್ಣ ಉದ್ಯಮಿಗಳು ಚಿತ್ರಗಳನ್ನು ಕ್ಲೌಡ್ ಸಂಗ್ರಹಕ್ಕೆ ಸೇರಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು.

ಕ್ಲೌಡ್ ಎಂಬುದು ಬಾಡಿಗೆ ಗೋದಾಮು. 2006ರಲ್ಲಿ ಅಮೆಜಾನ್ ಆರಂಭಿಸಿದ ಎಸ್3 ಈ ಬಗೆಯ ಸೇವೆ. 2016ರಿಂದ ಅದರ ಕೇಂದ್ರ ಮುಂಬಯಿಯಲ್ಲಿಯೂ ಇದೆ. ಗೋದಾಮು ಕೊಟ್ಟ ಕಡತವನ್ನು ಕಾಯುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಬಾಡಿಗೆಯಲ್ಲದೆ, ನಿಗದಿತ ಉಚಿತ ಮಿತಿಯನ್ನು ಮೀರಿ ಹೊರಹೋಗುವ ಮಾಹಿತಿಗೆ ಸಾಗಣೆ ವೆಚ್ಚವೂ ಬೀಳುತ್ತದೆ.

ಲೆಕ್ಕ ಸರಳ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 4 ಎಂ.ಬಿ. ಎನ್ನೋಣ. 20 ಚಿತ್ರಗಳ ಪುಟ 80 ಎಂ.ಬಿ.; ಸಾವಿರ ಮಂದಿ ನೋಡಿದರೆ ಸುಮಾರು 80 ಜಿ.ಬಿ. ಪ್ರತಿ ಚಿತ್ರವನ್ನು 150 ಕೆ.ಬಿ.ಗೆ ಇಳಿಸಿದರೆ ಅದೇ ಸಾಗಣೆ 3 ಜಿ.ಬಿ. ಮಾತ್ರ. ಅಂತರ್ಜಾಲದ ವೇಗ ಹೆಚ್ಚಿರುವಾಗ ಇದರ ಅಗತ್ಯವೇನೆಂಬ ವಾದವುಂಟು. ಆದರೆ ಸಾಗಣೆಯ ದರ ನಿಗದಿಯಾಗುವುದು ಭಾರದಿಂದ, ವೇಗದಿಂದಲ್ಲ. ಸಿಗ್ನಲ್ ದುರ್ಬಲವಿರುವೆಡೆ ಕುಳಿತ ಗ್ರಾಹಕನೂ ಕಾಯುವುದಿಲ್ಲ.

ತೊಡಕಿರುವುದು ಜೋಡಣೆಯಲ್ಲಿ. ಚಿತ್ರ ಕುಗ್ಗಿಸುವ ಅನೇಕ ತಂತ್ರಾಂಶಗಳು ಸರ್ವರಿನ ಸ್ವಂತ ಡಿಸ್ಕ್‌ನಲ್ಲಿರುವ ಕಡತವನ್ನೇ ಹುಡುಕುತ್ತವೆ. ಕಡತ ಕ್ಲೌಡ್‌ಗೆ ಹೋದಾಗ ಅವು ನಿಷ್ಕ್ರಿಯವಾಗುತ್ತವೆ. ಪ್ರತಿ ಬೇಡಿಕೆಗೂ ಕ್ಲೌಡ್‌ನಿಂದ ತಂದು ಕುಗ್ಗಿಸಿ ಕಳುಹಿಸಿದರೆ ಪುಟ ಮತ್ತಷ್ಟು ನಿಧಾನವಾಗುತ್ತದೆ. ಆದುದರಿಂದ ಚಿತ್ರವನ್ನು ಸೇರಿಸುವಾಗಲೇ ಒಮ್ಮೆ 400, 800 ಹಾಗೂ 1600 ಪಿಕ್ಸೆಲ್ ಅಗಲದ ಪ್ರತಿಗಳನ್ನು ತಯಾರಿಸಿ ಕ್ಲೌಡ್‌ನಲ್ಲಿಡುವುದು ಲೇಸು. ಮೂಲಚಿತ್ರವು ಸಾರ್ವಜನಿಕರಿಗೆ ತೆರೆಯದ ಪ್ರತ್ಯೇಕ ಸ್ಥಳದಲ್ಲಿರಲಿ. ಚಿತ್ರ ಬದಲಾದಾಗ ಕಡತದ ಹೆಸರೂ ಬದಲಾದರೆ, ಬ್ರೌಸರ್ ಹಳೆಯ ಪ್ರತಿಗಳನ್ನು ವರ್ಷವಿಡೀ ನಿರಾತಂಕವಾಗಿ ಉಳಿಸಿಕೊಳ್ಳಬಹುದು. 2010ರಲ್ಲಿ ಗೂಗಲ್ ಪ್ರಕಟಿಸಿದ ವೆಬ್‌ಪಿ ರೂಪವು, ಅದೇ ಸಂಸ್ಥೆಯ ಅಳತೆಯಂತೆ, ಜೆಪೆಗ್‌ಗಿಂತ ಶೇ. 25ರಿಂದ 34ರಷ್ಟು ಹಗುರ. ಆದರೆ ಸ್ಕ್ರೂವಿನ ಮರೆ, ಬಟ್ಟೆಯ ನೇಯ್ಗೆ ಮಸುಕಾಗುವಷ್ಟು ಕುಗ್ಗಿಸುವುದು ಸರಕಿಗೇ ಅಪಚಾರ.

ಈ ಷರತ್ತುಗಳನ್ನು ಜಾಲತಾಣದ ಕಾರ್ಯಾದೇಶದಲ್ಲಿಯೇ ಬರೆಸಬೇಕು. ಕ್ಲೌಡ್ ಖಾತೆಯು ತಂತ್ರಜ್ಞನ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಇಲ್ಲವಾದರೆ ಆತನು ಬಿಟ್ಟುಹೋದ ದಿನ ಕ್ಯಾಟಲಾಗೂ ಕೈತಪ್ಪೀತು. ಮಲ್ಲತ್ತಹಳ್ಳಿಯಲ್ಲಿಯೇ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಉದ್ಯಮಿಗಳ ಸಂಘಗಳು ಇಂತಹ ವಿದ್ಯಾಲಯಗಳೊಡನೆ ಕೈಜೋಡಿಸಿ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಈ ಕಾರ್ಯವನ್ನು ವಹಿಸಿದಲ್ಲಿ ಉಭಯರಿಗೂ ಹಿತವಾದೀತು.