ಗಲ್ಲಾದಲ್ಲಿ ಕೂತವನೊಬ್ಬನೇ ಧಣಿಯಲ್ಲ

ಓಣಂ ರಜೆಗೆ ಶಾಲೆ ಮುಚ್ಚುವ ದಿನ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಬಂದಿದ್ದ. ಕಾಸರಗೋಡಿನಿಂದ ದಿನಾ ರೈಲು ಹತ್ತಿ ಮಂಗಳೂರಿಗೆ ಹೋಗಿ, ಒಂದು ಬರ್ಗರ್ ಅಂಗಡಿಯಲ್ಲಿ ದುಡಿಯುತ್ತಾನೆ. ಮಾತಿನ ನಡುವೆ ಅವನು ಹೇಳಿದ್ದಿಷ್ಟು: "ಸಂಬಳ ಹೆಚ್ಚು ಮಾಡಿ ಅಂದ್ರೆ ಓನರು, ಕಂಪೆನಿಗೆ ಕೊಟ್ಟು ನನಗೇ ಏನೂ ಉಳಿಯುವುದಿಲ್ಲ ಅಂತಾರೆ ಸಾರ್. ಕಂಪೆನಿಯವರನ್ನು ಕೇಳಿದ್ರೆ, ನೀವು ನಮ್ಮ ಕೆಲಸದವರೇ ಅಲ್ಲ ಅಂತಾರೆ."

ಹಿಂದೆ ನಮ್ಮ ಊರುಗಳಿಂದ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಹೋದ ಹುಡುಗರು ಹಗಲು ಲೋಟ ತೊಳೆದು ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತರು. ಅವರ ಸಂಬಳವೂ ಅಷ್ಟಕ್ಕಷ್ಟೇ. ಆದರೆ ಕೇಳಬೇಕಾದವನು ಯಾರೆಂದು ಗೊತ್ತಿತ್ತು. ಅವನು ಗಲ್ಲಾದಲ್ಲೇ ಕೂತಿರುತ್ತಿದ್ದ. ಇಂದು ಹಾಗಿಲ್ಲ.

ಫ್ರಾಂಚೈಸಿ ಎಂದರೆ ಹೆಸರು ಒಬ್ಬರದು, ಅಂಗಡಿ ಇನ್ನೊಬ್ಬರದು. ಇದರ ದೊಡ್ಡ ಉದಾಹರಣೆ ಮೆಕ್‌ಡೊನಾಲ್ಡ್ಸ್. ಜಗತ್ತಿನಲ್ಲಿರುವ ಅದರ ಅಂಗಡಿಗಳಲ್ಲಿ ಶೇ. 95ರಷ್ಟನ್ನು ನಡೆಸುವವರು ಬೇರೆಯವರು. ಅಮೆರಿಕದಲ್ಲಿ ಅವರು ಮಾರಾಟದ ಶೇ. 4ನ್ನು ರಾಯಲ್ಟಿಯಾಗಿ ಕೊಡುತ್ತಿದ್ದರು; 2024ರಿಂದ ಹೊಸ ಅಂಗಡಿಗಳಿಗೆ ಅದು ಶೇ. 5. ಜಾಹೀರಾತಿಗೆ ಕನಿಷ್ಠ ಶೇ. 4. ಇದರ ಮೇಲೆ ಕಂಪೆನಿಗೇ ಕಟ್ಟಡದ ಬಾಡಿಗೆ.

ನಾವು ಗಮನಿಸಬೇಕಾದದ್ದು, ರಾಯಲ್ಟಿಯ ಲೆಕ್ಕ ಲಾಭದ ಮೇಲಲ್ಲ, ಮಾರಾಟದ ಮೇಲೆ. ಅಂಗಡಿಗೆ ನಷ್ಟವಾದರೂ ಕಂಪೆನಿಯ ಪಾಲು ಮೊದಲೇ ಹೋಗುತ್ತದೆ. ಬನ್ನು, ಎಣ್ಣೆಗಳನ್ನು ಕಂಪೆನಿ ಒಪ್ಪಿದವರಿಂದಲೇ ಕೊಳ್ಳಬೇಕು. ಅಂಗಡಿಯವನು ಹಿಂಡಬಹುದಾದದ್ದು ಉಳಿಯುವುದು ಒಂದೇ, ಕೆಲಸದವರ ಕೂಲಿ. ಹಾಗಾಗಿ ಓನರಿನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಾಕುವ ಅಂಗಿಯಿಂದ ಹಿಡಿದು ಆಲೂಗಡ್ಡೆ ಎಷ್ಟು ಹೊತ್ತು ಕರಿಯಬೇಕು ಎಂಬುದರವರೆಗೆ ನಿಯಮ ಮಾಡುವ ಕಂಪೆನಿ, ಕೂಲಿಯ ಮಾತು ಬಂದಾಗ ಮಾತ್ರ "ನಮಗೆ ಸಂಬಂಧವಿಲ್ಲ" ಎನ್ನುವುದು ನ್ಯಾಯವೇ?

2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಇಂಥ ಅಂಗಡಿಗಳ ಕೆಲಸಗಾರರು ಗಂಟೆಗೆ 15 ಡಾಲರ್ ಕೇಳಿ ಮುಷ್ಕರ ಹೂಡಿದರು. ಕ್ಯಾಲಿಫೋರ್ನಿಯದಲ್ಲಿ 2024ರ ಏಪ್ರಿಲ್ 1ರಿಂದ, ದೇಶದಲ್ಲಿ 60 ಅಥವಾ ಹೆಚ್ಚು ಅಂಗಡಿಗಳಿರುವ ಸರಪಳಿಗಳಿಗೆ ಗಂಟೆಗೆ 20 ಡಾಲರ್ ಕಡ್ಡಾಯವಾಯಿತು. ಅಲ್ಲಿಯ ಸಾಮಾನ್ಯ ಕನಿಷ್ಠ ಕೂಲಿ ಆಗ 16 ಡಾಲರ್. ಇದರಿಂದ ಕೆಲಸ ಕಡಿಮೆಯಾಗಲಿಲ್ಲ ಎಂದು ಬರ್ಕ್ಲಿಯ ಸಂಶೋಧಕರು ಹೇಳಿದರೆ, ಸುಮಾರು 18,000 ಕೆಲಸ ಹೋಯಿತೆಂದು 2025ರ ಇನ್ನೊಂದು ಅಧ್ಯಯನ ಲೆಕ್ಕ ಹಾಕಿತು. ಈ ವಾದ ಮುಗಿದಿಲ್ಲ.

ಎಲ್ಲ ಸರಪಳಿಗೂ ಒಂದೇ ನಿಯಮ ಮಾಡಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಒಬ್ಬನೇ ಕೂಲಿ ಏರಿಸಿದರೆ ಪಕ್ಕದವನೆದುರು ಸೋಲುತ್ತಾನೆ. ಆದರೆ ಅಂಗಡಿಯ ತಪ್ಪಿಗೆ ಕಂಪೆನಿಯೂ ಹೊಣೆ ಎಂಬ ಅಂಶ 2023ರ ರಾಜಿಯಲ್ಲಿ ಬಿದ್ದುಹೋಯಿತು. ಕಂಪೆನಿಯ ಪಾಲನ್ನು ಕಾನೂನು ಮುಟ್ಟಲಿಲ್ಲ. ಭಾರವೆಲ್ಲ ಅಂಗಡಿಯವನ ಮತ್ತು ಗಿರಾಕಿಯ ಮೇಲೆ. ನಮ್ಮ ದೃಷ್ಟಿಯಲ್ಲಿ ಇದು ಅರ್ಧ ನ್ಯಾಯ.

ನಮ್ಮ ದೇಶದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಂಬಳದ ಚೀಟಿ ಕೊಡುವುದು ಮಾಲಕನ ಕರ್ತವ್ಯವೆಂದು ಅದು ಹೇಳುತ್ತದೆ. ಕೇರಳದ ಹುಡುಗ ಮಂಗಳೂರಿನಲ್ಲಿ ದುಡಿದರೆ ಅವನಿಗೆ ಅನ್ವಯಿಸುವುದು ಕರ್ನಾಟಕದ ಕನಿಷ್ಠ ಕೂಲಿ. ಇದನ್ನು ಕನ್ನಡದಲ್ಲೇ ಓದಿ ತಿಳಿಯುವ ಅನುಕೂಲ ನಮ್ಮ ಮಕ್ಕಳಿಗಿದೆ. ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವ ಪೋಷಕರಿಗೆ ಇದೂ ಒಂದು ಉತ್ತರ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಶೇಕಡಾ ಲೆಕ್ಕ ಹೇಳಿಕೊಡುವಾಗ ಯಾವಾಗಲೂ ವ್ಯಾಪಾರಿಯ ಲಾಭ-ನಷ್ಟವನ್ನೇ ಕೇಳುತ್ತೇವೆ. ನೂರು ರೂಪಾಯಿಯ ಬರ್ಗರಿನಲ್ಲಿ ಅದನ್ನು ಮಾಡಿದವನಿಗೆ ಎಷ್ಟು ಸಿಕ್ಕಿತು ಎಂದೂ ಒಮ್ಮೆ ಕೇಳೋಣ. ಆ ಹುಡುಗ ನಮ್ಮ ತರಗತಿಯಲ್ಲಿದ್ದಾಗ ನಾವು ಅದನ್ನು ಕೇಳಿರಲಿಲ್ಲ.