ಪ್ರಾಜೆಕ್ಟ್ ಬರೆದದ್ದು ಯಾರು?

ಚನ್ನಪಟ್ಟಣದ ಎಂಟನೇ ತರಗತಿ ಹುಡುಗನೊಬ್ಬ ಊರಿನ ಗೊಂಬೆಗಳ ಬಗ್ಗೆ ಬರೆದ ಪ್ರಾಜೆಕ್ಟನ್ನು ಮೊನ್ನೆ ನಮಗೆ ತೋರಿಸಿದ. ಅಕ್ಷರ ಮುದ್ದಾಗಿತ್ತು, ಭಾಷೆ ಮಾತ್ರ ದೊಡ್ಡವರದ್ದು. ಗೊಂಬೆಗಳನ್ನು ಶ್ರೀಗಂಧದಲ್ಲಿ ಮಾಡುತ್ತಾರೆ ಅಂತ ಬರೆದಿದ್ದ. ‘ಯಾರು ಹೇಳಿದ್ರು ಮೋನೆ?’ ಅಂದೆವು. ‘ಮೊಬೈಲ್‌ನಲ್ಲಿ ಎಐ ಹೇಳಿತು ಉಸ್ತಾದ್’ ಅಂದ. ಆಲೆಮರದ ತುಂಡನ್ನು ಯಂತ್ರದಲ್ಲಿ ತಿರುಗಿಸಿ, ಅರಗಿನ ಬಣ್ಣ ಒತ್ತುವವರು ಅವನ ಮನೆಯಿಂದ ಎರಡೇ ಬೀದಿ ಆಚೆ ಇದ್ದಾರೆ. ಸಲಾಂ ಹೇಳಿ ಕೇಳಿದ್ದರೆ ಸಾಕಿತ್ತು.

ಮೊಬೈಲ್ ಕಿತ್ತಿಟ್ಟರೆ ಆಯ್ತು ಅನ್ನುವ ಪೋಷಕರಿದ್ದಾರೆ. ನಾವು ಒಪ್ಪುವುದಿಲ್ಲ. ಸರಕಾರಿ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅದೇ ಪಾಠದ ವಿಡಿಯೊ, ಪ್ರಶ್ನೆಗಳು ಸಿಗುತ್ತವೆ. 2017ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಮಾಗಡಿ, ಕನಕಪುರದ ಹಳ್ಳಿ ಕಡೆ ನೆಟ್‌ವರ್ಕ್ ಸಿಗದವರು ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆದು ಬದುಕುವ, ಟ್ಯೂಷನ್‌ಗೆ ಕಾಸಿಲ್ಲದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಚಾಟ್‌ಜಿಪಿಟಿ ಬಳಸಲು 13 ವರ್ಷ ಆಗಿರಬೇಕು, 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಅದರ ನಿಯಮವೇ ಹೇಳುತ್ತದೆ. ಒಪ್ಪಿಗೆ ಕೊಟ್ಟ ನೆನಪು ನಮ್ಮಲ್ಲಿ ಎಷ್ಟು ಮನೆಯವರಿಗಿದೆ?

ಶಾಲೆಯಲ್ಲೂ ಒಂದು ಕೆಲಸ ಆಗಬೇಕು. ಎಲ್ಲಿಂದ ತಗೊಂಡೆ ಅಂತ ಪ್ರಾಜೆಕ್ಟ್‌ನ ಕೊನೇ ಪುಟದಲ್ಲಿ ಬರೆಸಲಿ, ಅಂಕ ಹಾಕುವ ಮೊದಲು ಎರಡು ಪ್ರಶ್ನೆ ಬಾಯಲ್ಲೇ ಕೇಳಲಿ. ಮದ್ರಸದಲ್ಲಿ ನಾವು ಪಾಠ ಒಪ್ಪಿಸಿಕೊಳ್ಳುವುದು ಹಾಗೆಯೇ. ಎದುರಿಗೆ ಕೂತ ಮಗು ಎಲ್ಲಿ ತಡವರಿಸುತ್ತದೆ ಎಂದು ಆಗಲೇ ಗೊತ್ತಾಗುವುದು.

ಆ ಹುಡುಗನನ್ನು ಗೊಂಬೆ ಮಾಡುವವರ ಹತ್ತಿರ ಕಳಿಸಿದ್ದೇವೆ. ಶ್ರೀಗಂಧದ ಸಾಲನ್ನು ಅವನೇ ಹೊಡೆದು ಹಾಕಿದ್ದಾನೆ.